ಬೆಟ್ಟದ ಮೇಲೆ ರಿವರ್ಸ್ ಗೇರು

ಪ್ರತಿಯೊಬ್ಬರಿಗೂ ಮನೆಯವರಿಂದಲೂ ಬಚ್ಚಿಟ್ಟುಕೊಂಡ ಒಂದು ಬಾರದ ವಿದ್ಯೆ ಇರುತ್ತದೆ ಎಂದು ನನ್ನ ನಂಬಿಕೆ. ನಮ್ಮ ಪರಿಚಯದ ದೊಡ್ಡ ಹತ್ತಿ ವ್ಯಾಪಾರಿಯೊಬ್ಬರಿಗೆ ಮುಳ್ಳಿನ ಗಡಿಯಾರ ನೋಡಿ ಸಮಯ ಹೇಳಲು ಬರುವುದಿಲ್ಲ. ಯಾರಾದರೂ ಕೇಳಿದರೆ ಕೈಯನ್ನೇ ಅವರ ಮುಂದೆ ಚಾಚಿ, ನೀವೇ ನೋಡಿಕೊಳ್ಳಿ ಎಂದು ದೊಡ್ಡತನ ಮೆರೆಯುತ್ತಾರೆ. ನನ್ನ ತವರಿನ ಕಡೆಯ ಒಬ್ಬಾಕೆಗೆ ಇಷ್ಟು ವರ್ಷ ಸಂಸಾರ ಮಾಡಿದರೂ ಹೋಳಿಗೆ ತಟ್ಟಲು ಬಾರದು. ಪ್ರತಿ ಹಬ್ಬಕ್ಕೂ ಸರಿಯಾಗಿ ಆಕೆಯ ಬಲಗೈ ಉಳುಕುತ್ತದೆ. ಇಂಥವರನ್ನು ಕಂಡು ನಾನು ಮನಸ್ಸಿನಲ್ಲೇ ನಗುತ್ತಿದ್ದೆನಾದರೂ ಬಾಯಿ ಬಿಟ್ಟು ಆಡಿಕೊಂಡವಳಲ್ಲ. ಏಕೆಂದರೆ ನನಗೆ ಕಾರನ್ನು ಹಿಂದಕ್ಕೆ ನಡೆಸಲು ಬರುತ್ತಿರಲಿಲ್ಲ.

ಮುಂದಕ್ಕೆ ಹೋಗುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ ಎಂದು ನಾನೇ ಹೇಳಿಕೊಂಡರೆ ತಪ್ಪಾಗಲಾರದು. ಆದರೆ ಆ ಹಿಂದಿನ ಗೇರು ಎಂದರೆ ಕೈ ಬೆವರುತ್ತಿತ್ತು. ಹಾಗಾದರೆ ಲೈಸೆನ್ಸ್ ಹೇಗೆ ಸಿಕ್ಕಿತು ಎಂದು ನೀವು ಕೇಳಬಹುದು. ಪರೀಕ್ಷೆಯ ದಿನ ಹಿಂದಕ್ಕೆ ಹೋಗಿದ್ದೆ, ಕಣ್ಣು ಮುಚ್ಚಿಕೊಂಡು, ಮೈದಾನ ದೊಡ್ಡದಿತ್ತು. ಆಮೇಲೆ ಒಂದೇ ಒಂದು ಸಲ ಬಿಟ್ಟರೆ ಆ ಗೇರಿನ ಗೊಡವೆಗೇ ಹೋಗಲಿಲ್ಲ. ಪೇಟೆಗೆ ಹೋದರೆ ಅಂಗಡಿಯ ಮುಂದೆ ನಿಲ್ಲಿಸದೆ, ನೆಟ್ಟಗೆ ಹೊರಬರುವಂಥ ಜಾಗ ಸಿಗುವತನಕ ಹೋಗಿ ನಿಲ್ಲಿಸಿ, ಅಲ್ಲಿಂದ ಚೀಲ ಹಿಡಿದು ನಡೆದು ಬರುತ್ತಿದ್ದೆ. ತಿರುಗಬೇಕಾದರೆ ಪೆಟ್ರೋಲ್ ಬಂಕಿನ ಒಳಹೊಕ್ಕು ಸುತ್ತು ಹಾಕಿ ಬರುತ್ತಿದ್ದೆ. ಬಂಕಿನವರು ಮೊದಮೊದಲು ಪೈಪು ಹಿಡಿದು ಓಡಿ ಬರುತ್ತಿದ್ದರು. ಆಮೇಲೆ ನಮಸ್ಕಾರ ಮಾತ್ರ ಮಾಡುತ್ತಿದ್ದರು.

ಈ ಭಯಕ್ಕೆ ಅರ್ಧ ಕಾರಣ ನಾನಾದರೆ ಇನ್ನರ್ಧ ಆಂಧ್ರದ ಗಡಿಯ ನಮ್ಮ ಆದೋನಿಯ ಜನರ ಪರೋಪಕಾರ. ಇಲ್ಲಿ ಯಾವ ಗಾಡಿ ಹಿಂದಕ್ಕೆ ಸರಿದರೂ ಓಣಿಯಲ್ಲಿ ಹೋಗುತ್ತಿದ್ದವರು ತಮ್ಮ ಕೆಲಸ ಬಿಟ್ಟು ಬಂದು ನಿಲ್ಲುತ್ತಾರೆ. ಒಬ್ಬರು ಡಿಕ್ಕಿಯ ಮೇಲೆ ಬಡಿಯುತ್ತ ತೆಲುಗಿನಲ್ಲಿ "ರಾನೀ, ರಾನೀ" ಅನ್ನುತ್ತಾರೆ. ಇನ್ನೊಬ್ಬರು "ಬರ್ಲಿ, ಬರ್ಲಿ" ಅನ್ನುತ್ತಾರೆ. ಎದುರಿನ ಪಂಕ್ಚರ್ ಅಂಗಡಿಯಿಂದ "ಆನೇ ದೋ" ಎಂದು ಕೇಳಿಬರುತ್ತದೆ. ಮೂರು ಭಾಷೆಯವರೂ ಬಾ ಎಂದೇ ಕರೆಯುವುದು, ಆದರೆ ಮೂವರ ಕೈಯೂ ಮೂರು ದಿಕ್ಕಿಗೆ ಬೀಸುತ್ತಿರುತ್ತದೆ. ಗಾಡಿ ಗೋಡೆಗೆ ತಾಗಿದ ಮೇಲೆ ಮೂವರೂ ಒಮ್ಮತದಿಂದ, "ನೋಡಿ ಹೊಡೀಬೇಕಲ್ರಿ ಅಮ್ಮಾ" ಎನ್ನುತ್ತಾರೆ. ಒಮ್ಮೆ ಹೀಗಾದ ಮೇಲೆ ನಾನು ಮುಂದಕ್ಕೆ ಮಾತ್ರ ಹೋಗುವ ವ್ರತ ಹಿಡಿದೆ. ನಮ್ಮವರಿಗೂ ಇದು ಗೊತ್ತಿರಲಿಲ್ಲ. ಪೇಟೆಯಿಂದ ತಡವಾಗಿ ಬಂದಾಗಲೆಲ್ಲ ಅವರು ಅದನ್ನು ನನ್ನ ಚೌಕಾಸಿಯ ಲೆಕ್ಕಕ್ಕೆ ಸೇರಿಸುತ್ತಿದ್ದರು.

ನಮ್ಮವರದು ಹತ್ತಿ ವ್ಯಾಪಾರ. ಎರೆಭೂಮಿಯ ಹೊಲಗಳಿಗೆ ಹೋಗಿಬರಲು ಬೇಕೆಂದು ನಾಲ್ಕೂ ಗಾಲಿ ಎಳೆಯುವ ಎತ್ತರದ ಗಾಡಿ ತಂದಿದ್ದರು. ಕಳೆದ ಬೇಸಿಗೆಯಲ್ಲಿ ಅವರ ಕುತ್ತಿಗೆ ಹಿಡಿದುಕೊಂಡು ಎಡಕ್ಕೂ ಬಲಕ್ಕೂ ತಿರುಗದಂತಾಯಿತು. ಯಾರಾದರೂ ಕರೆದರೆ ಇಡೀ ದೇಹವನ್ನೇ ಬಾಗಿಲಿನಂತೆ ತಿರುಗಿಸಿ ನೋಡುತ್ತಿದ್ದರು. ಅಲ್ಲಿಯತನಕ ಪೇಟೆಗೆ ಮಾತ್ರ ಸಿಗುತ್ತಿದ್ದ ಗಾಡಿ ಪೂರ್ತಿ ನನ್ನ ಕೈಗೆ ಬಂತು. ಬಂದ ಸಂತೋಷ ಮುಗಿಯುವ ಮೊದಲೇ ಪೆದ್ದಹರಿವಾಣದಿಂದ ಅವರ ಸೋದರತ್ತೆ ಶಂಕ್ರಮ್ಮನವರ ಫೋನು ಬಂತು. ಹೆಂಗಸು ಹೊಲದ ದಾರಿಯಲ್ಲಿ ಗಾಡಿ ಹೊಡೆಯುವುದು ನೆಟ್ಟಗಲ್ಲ, ನಮ್ಮ ಊರಿನಲ್ಲೇ ಒಬ್ಬ ಒಳ್ಳೆಯ ಡ್ರೈವರನನ್ನು ನೋಡಿದ್ದೇನೆ, ಮಾತು ಮುಗಿಸಿ ಕಳಿಸುತ್ತೇನೆ ಎಂದರು. ಶಂಕ್ರಮ್ಮತ್ತೆ ನಮ್ಮ ಮನೆತನದ ವಾರ್ತಾ ಇಲಾಖೆಯೂ ಹೌದು, ತೀರ್ಪು ಕೊಡುವವರೂ ಹೌದು. ನಮ್ಮವರು ಎದುರಾಡುವವರಲ್ಲ.

ನನಗೆ ಕೆಟ್ಟ ಸಿಟ್ಟು ಬಂತು. ಐವತ್ತು ದಾಟಿದ ಮೇಲೆ ನನ್ನದೆಂದು ಸಿಕ್ಕಿದ್ದು ಆ ಸೀಟು ಒಂದೇ. ಎಲ್ಲಿಗೆ ಹೋಗುತ್ತೀ, ಯಾವಾಗ ಬರುತ್ತೀ ಎಂದು ಯಾರ ಮುಖವನ್ನೂ ನೋಡದೆ ಬೀಗದಕೈ ತೆಗೆದುಕೊಂಡು ಹೊರಡುವ ಸುಖ ಇದೆಯಲ್ಲ, ಅದನ್ನು ಒಮ್ಮೆ ಉಂಡವರು ಬಿಟ್ಟುಕೊಡಲಾರರು. ಅದೇ ವಾರ ಪೆಟ್ರೋಲ್ ಬಂಕಿನಲ್ಲಿ ನನ್ನ ಮಾಮೂಲಿ ಸುತ್ತು ಹಾಕುವಾಗ ಗೋಡೆಯ ಮೇಲೆ ಒಂದು ಬ್ಯಾನರ್ ಕಂಡಿತು. ನಿಮ್ಮ ಗಾಡಿ, ನಮ್ಮ ಗೈಡು, ದೇವನಕೊಂಡದ ಕಡೆಯ ಬೆಟ್ಟದಲ್ಲಿ ರಸ್ತೆಯೇ ಇಲ್ಲದ ದಾರಿಯಲ್ಲಿ ಒಂದು ದಿನದ ಸವಾರಿ. ನನಗೆ ಫಕ್ಕನೆ ಬುದ್ಧಿ ಓಡಿತು. ಬೆಟ್ಟದಲ್ಲಿ ಓಣಿ ಇಲ್ಲ, ಗೋಡೆ ಇಲ್ಲ, ಅಂಗಡಿಯ ಮುಂದೆ ನಿಲ್ಲಿಸುವ ತಾಪತ್ರಯ ಇಲ್ಲ. ಹತ್ತುವುದು, ಇಳಿಯುವುದು, ಎರಡೂ ಮುಂದಕ್ಕೇ. ಜಗತ್ತಿನಲ್ಲಿ ನನಗೆಂದೇ ಮಾಡಿದ ಪರೀಕ್ಷೆ ಇದ್ದರೆ ಅದು ಇದೇ ಎನ್ನಿಸಿತು. ಮನೆಗೆ ಬಂದವಳೇ ನಮ್ಮವರ ಮುಂದೆ ನಿಂತು ಪಂಥ ಕಟ್ಟಿದೆ.

"ಬೆಟ್ಟ ಹತ್ತಿ ಇಳದು ಬರತೀನ್ರಿ. ಆವತ್ತು ಒಂದ ಸರ್ತಿ ಸ್ಟೇರಿಂಗ್ ಬ್ಯಾರೇಯವ್ರ ಕೈಗೆ ಹೋತಂದ್ರೂ ನಿಮ್ಮ ಡ್ರೈವರ್ ಬರಲಿ. ಹೋಗಲಿಲ್ಲಂದ್ರ ಈ ಮನಿ ಗಾಡಿ ನಾನ ಹೊಡಿಯಾಕಿ. ಡ್ರೈವರ್ ಅನ್ನೋ ಮಾತು ಮತ್ತ ಎತ್ತಬಾರದು."

ನಮ್ಮವರು ಇಡೀ ದೇಹ ತಿರುಗಿಸಿ ನನ್ನನ್ನು ನೋಡಿದರು. ಹೂಂ ಎಂದರು. ಪಕ್ಕದ ಸೀಟಿನಲ್ಲಿ ತಾವೂ ಬರುತ್ತೇನೆಂದರು. ಸಾಕ್ಷಿಗೋ, ಆಸ್ಪತ್ರೆಗೆ ಸೇರಿಸಲೋ ಹೇಳಲಿಲ್ಲ.

ಆ ದಿನ ಬೆಟ್ಟದ ಬುಡದಲ್ಲಿ ನಾಲ್ಕು ಗಾಡಿ ಸೇರಿದ್ದವು. ಮೂರರಲ್ಲಿ ಗಂಡಸರು, ಕಪ್ಪು ಕನ್ನಡಕ, ಕೈಗವಸು. ನಾಲ್ಕನೆಯದರಲ್ಲಿ ಇಳಕಲ್ ಸೀರೆಯ ನಾನು. ಗೈಡು ಹೈದರಾಬಾದಿನ ಕಡೆಯವರು, ಒಳ್ಳೆಯ ಮನುಷ್ಯ. ಮೊದಲನೆಯ ಗೇರಿನಲ್ಲೇ ಇರಿ, ಇಳಿಜಾರಿನಲ್ಲಿ ಬ್ರೇಕನ್ನು ಒಮ್ಮೆಲೇ ಒತ್ತಬೇಡಿ, ಗಾಡಿಯನ್ನು ನಂಬಿ ಎಂದು ತೆಲುಗಿನಲ್ಲಿ ಬಿಡಿಸಿ ಹೇಳಿದರು. ಆಮೇಲೆ ನನ್ನ ಸೀರೆಯನ್ನೂ ನಮ್ಮವರ ಕುತ್ತಿಗೆಯನ್ನೂ ಒಮ್ಮೆ ನೋಡಿ ನಮ್ಮ ಗಾಡಿಯನ್ನು ಎಲ್ಲಕ್ಕಿಂತ ಹಿಂದೆ ಇಟ್ಟರು. ಅನುಮಾನದ ಗಿರಾಕಿಗಳ ಜಾಗ ಅದು ಎಂದು ಆಮೇಲೆ ತಿಳಿಯಿತು.

ಹತ್ತುವ ಸುಖವನ್ನು ಏನೆಂದು ಹೇಳಲಿ. ಆನೆಗಾತ್ರದ ಬಂಡೆಗಳ ನಡುವೆ, ಸೀತಾಫಲದ ಪೊದೆಗಳನ್ನು ಸವರಿಕೊಂಡು ಗಾಡಿ ಏಳುತ್ತ ಬೀಳುತ್ತ ಹೋಗುತ್ತಿತ್ತು. ಒಂದು ಕಡೆ ಮೆಟ್ಟಿಲಿನಂಥ ಕಲ್ಲು. ಮುಂದಿನ ಕಪ್ಪು ಕನ್ನಡಕದವರು ಎರಡು ಸಲ ಜಾರಿ ಮೂರನೆಯ ಸಲ ಹತ್ತಿದರು. ನಾನು ಹಲ್ಲು ಕಚ್ಚಿ, ಗೈಡು ಹೇಳಿದಂತೆ ಗಾಡಿಯನ್ನು ನಂಬಿ, ಒಂದೇ ಸಲಕ್ಕೆ ಹತ್ತಿಸಿಬಿಟ್ಟೆ. ನಮ್ಮವರು ಕಿಟಕಿಯ ಮೇಲಿನ ಹಿಡಿಯನ್ನು ಬಿಟ್ಟು ಕೈ ತೊಡೆಯ ಮೇಲೆ ಇಟ್ಟುಕೊಂಡರು. ಮದುವೆಯಾದಾಗಿನಿಂದ ಅವರಿಂದ ನನಗೆ ಸಿಕ್ಕ ದೊಡ್ಡ ಪ್ರಶಸ್ತಿ ಅದು. ಪೆದ್ದಹರಿವಾಣದ ಡ್ರೈವರು ಇನ್ನು ಪೆದ್ದಹರಿವಾಣದಲ್ಲೇ ಇರಲಿ ಎಂದು ಮನಸ್ಸಿನಲ್ಲೇ ಹಾಡಿಕೊಂಡೆ.

ಹಾಡು ಮುಗಿಯುವ ಮೊದಲು ಮುಂದಿನ ಗಾಡಿಗಳು ನಿಂತವು. ಎಡಕ್ಕೆ ಗೋಡೆಯಂಥ ಬಂಡೆ, ಬಲಕ್ಕೆ ಕೊರಕಲು, ನಡುವೆ ಒಂದೇ ಗಾಡಿಯ ದಾರಿ. ಎದುರಿಗೆ ಮೇಲಿನಿಂದ ಒಂದು ಟ್ರ್ಯಾಕ್ಟರು ಇಳಿದು ಬಂದು ಮೂತಿಗೆ ಮೂತಿ ಕೊಟ್ಟು ನಿಂತಿತ್ತು. ಹಿಂದಿನ ಟ್ರೇಲರಿನ ತುಂಬ ಜನ, ಪಾತ್ರೆ, ನೀರಿನ ಕೊಡ, ಆಗಷ್ಟೇ ತಲೆ ಬೋಳಿಸಿಕೊಂಡ ಒಂದು ಕೂಸು. ಮೇಲಿನ ಗುಡಿಯಲ್ಲಿ ಕೂಸಿನ ಜವಳ ಮುಗಿಸಿ ಊರಿಗೆ ಹೊರಟಿದ್ದರಂತೆ. ನಾವು ಹಣ ಕೊಟ್ಟು, ಬೆಲ್ಟು ಬಿಗಿದು, ಗೈಡು ಹಿಡಿದು ಹತ್ತಿದ ದಾರಿಯಲ್ಲಿ ಅಜ್ಜಿಯಂದಿರು ಎಲೆಅಡಿಕೆ ಹಾಕಿಕೊಳ್ಳುತ್ತ ಇಳಿಯುತ್ತಿದ್ದರು. ಟ್ರ್ಯಾಕ್ಟರಿನವನು ಇಳಿದು ಬಂದು ಬಹಳ ವಿನಯದಿಂದ, "ಟ್ರೇಲರ್ ವೆನಕ್ಕಿ ಪೋದು ಸಾರ್" ಎಂದ. ಟ್ರೇಲರ್ ಏರಿನ ಮೇಲೆ ಹಿಂದಕ್ಕೆ ಹೋಗುವುದಿಲ್ಲ; ಹಾಗಾದರೆ ಹೋಗಬೇಕಾದವರು ನಾವು. ನಾಲ್ಕು ಗಾಡಿಯೂ ಹಿಂದಕ್ಕೆ. ಮೊದಲು ಹೋಗಬೇಕಾದ್ದು ಎಲ್ಲಕ್ಕಿಂತ ಕೊನೆಯದು.

ಆ ಕೊನೆಯದು ನನ್ನದು. ಅಷ್ಟು ಸಾಲದೆಂಬಂತೆ ಟ್ರೇಲರಿನಿಂದ ಪರಿಚಯದ ಒಂದು ಸೆರಗು ಮೇಲೆದ್ದಿತು. ಈ ಸೀಮೆಯ ಯಾವ ಟ್ರೇಲರಿನಲ್ಲಿ ಇಣುಕಿದರೂ ನಮ್ಮ ನೆಂಟರು ಒಬ್ಬರಾದರೂ ಸಿಗುತ್ತಾರೆ, ನಿಜ. ಆದರೆ ಆವತ್ತು ಸಿಕ್ಕವರು ಶಂಕ್ರಮ್ಮತ್ತೆ. ಕೂಸು ಅವರ ಓಣಿಯವರದಂತೆ. ಟ್ರೇಲರಿನಲ್ಲಿ ಜಾಗ ಇತ್ತೆಂದು ಬಂದಿದ್ದರಂತೆ. ಅಲ್ಲಿಂದಲೇ ಹಣೆಗೆ ಕೈ ಹಚ್ಚಿ ನಮ್ಮ ಗಾಡಿಯನ್ನು ಗುರುತಿಸಿದರು. ಊರಿಗೆ ಮರಳಲು ಅವರಿಗೆ ಅವಸರವಿರಲಿಲ್ಲ, ನೋಡಲು ಬಹಳ ಇತ್ತು.

ಗೈಡು ನಮ್ಮ ಕಿಟಕಿಗೆ ಬಂದರು. ನನ್ನ ಮುಖ ನೋಡಿಯೇ ಅವರಿಗೆ ಎಲ್ಲ ತಿಳಿದಿರಬೇಕು. ಬಹಳ ಮರ್ಯಾದೆಯಿಂದ, "ನೇನು ತೀಸ್ತಾನು ಮೇಡಮ್, ಮೀರು ದಿಗಂಡಿ" ಎಂದರು. ನಾನು ತೆಗೆಯುತ್ತೇನೆ, ನೀವು ಇಳಿಯಿರಿ. ಇಳಿದರೆ ಪಂಥ ಮುಗಿಯಿತು, ಬೀಗದಕೈ ಹೋಯಿತು. ಇಳಿಯದಿದ್ದರೆ ಬಲಕ್ಕೆ ಕೊರಕಲು. ನಮ್ಮವರ ಕಡೆ ನೋಡಿದೆ. ಅವರು ಮುಂದಿನ ಗಾಜನ್ನೇ ನೋಡುತ್ತ ಮೆಲ್ಲಗೆ ಹೇಳಿದರು: "ನಿನಗ ಹಿಂದಕ್ಕ ತೆಗಿಯಾಕ ಬರಂಗಿಲ್ಲ ಅಂತ ನನಗ ಗೊತ್ತೈತಿ. ಬಂಕಿನವ್ರು ಹೇಳ್ಯಾರ. ಇಳೀತೀಯೋ ಬಿಡ್ತೀಯೋ, ನಾ ಮಾತ್ರ ಇಳಿಯಂಗಿಲ್ಲ."

ನನಗೆ ಅಳು ಬಂದಂತಾಯಿತು, ಸಿಟ್ಟೂ ಬಂತು, ಯಾವುದು ಹೆಚ್ಚೋ ಗೊತ್ತಿಲ್ಲ. ಭಯವಾದಾಗ ನನ್ನ ಬಾಯಲ್ಲಿ ತೆಲುಗು ಬರುತ್ತದೆ. ಶಾಲೆಯಲ್ಲಿ ಹೆದರಿದ್ದೆಲ್ಲ ಆ ಭಾಷೆಯಲ್ಲೇ. "ವದ್ದಂಡಿ, ನೇನೇ ತೀಸ್ತಾ" ಎಂದೆ.

ಬೇಡ, ನಾನೇ ತೆಗೆಯುತ್ತೇನೆ ಎಂದದ್ದೇ ತಡ, ಟ್ರೇಲರಿನ ಗಂಡಸರೆಲ್ಲ ಧುಮುಕಿ ಬಂದು ನಮ್ಮ ಹಿಂದೆ ನಿಂತರು. ಆದೋನಿಯ ಓಣಿಯೇ ಬೆಟ್ಟ ಹತ್ತಿ ಬಂದಂತಾಯಿತು. ರಾನೀ, ಬರ್ಲಿ, ಇಂಕಾ, ಹಿಂದಕ್ಕ; ಒಬ್ಬರು ಎಡಕ್ಕ ಅಂದರೆ ಇನ್ನೊಬ್ಬರು ಕುಡಿವೈಪು, ಅಂದರೆ ಬಲಕ್ಕೆ. ಎಡಗನ್ನಡಿಯಲ್ಲಿ ಒಂದು ಕೈ, ಬಲಗನ್ನಡಿಯಲ್ಲಿ ನಾಲ್ಕು. ನಾನು ಎರಡೂ ಕಡೆಯ ಗಾಜು ಏರಿಸಿಬಿಟ್ಟೆ. ಗೈಡೊಬ್ಬರೇ ಕೈ ತೋರಿಸಲಿ, ನಿಲ್ಲು ಅಂದಾಗ ನಿಲ್ಲುತ್ತೇನೆ ಎಂದು ಕೈಸನ್ನೆ ಮಾಡಿ ನೆಟ್ಟಗೆ ಮುಂದೆ ನೋಡಿದೆ. ಮುಂದಿನ ದಿನದ ಮಳೆಗೆ ನೆಲ ಇನ್ನೂ ಹಸಿಯಾಗಿತ್ತು ಎನ್ನಲು ಹೊರಟೆ, ಕ್ಷಮಿಸಿ, ಹಿಂದಿನ ದಿನದ ಮಳೆ. ಆ ಗಳಿಗೆಯನ್ನು ನೆನೆದರೆ ಈಗಲೂ ನನಗೆ ಹಿಂದೆ ಮುಂದೆ ತಿಳಿಯುವುದಿಲ್ಲ. ಗೈಡು ಹಿಂದಿನಿಂದ ಕೈ ಆಡಿಸಿದ್ದು ಕನ್ನಡಿಯಲ್ಲಿ ಕಂಡಿತು. ಆ ಗೇರು ಹಾಕಿ ಬ್ರೇಕು ತುಸುವೇ ಸಡಿಲಿಸಿದೆ. ಗಾಡಿ ಒಂದು ಮಾರು ಹಿಂದೆ ಸರಿಯಿತು. ಆಗ ನನ್ನ ಮುಂದೆ, ಬಾನೆಟ್ಟಿನ ಆಚೆ, ಕೆಂಪು ಕೆಸರಿನಲ್ಲಿ ನನ್ನವೇ ಎರಡು ಗಾಲಿಗಳ ಅಚ್ಚು ಕಾಣಿಸಿದವು.

ಅದನ್ನು ಕಂಡದ್ದೇ ನನಗೆ ನಗು ಬಂತು. ಇದನ್ನು ನಾನು ದಿನಾ ಮಾಡುತ್ತೇನೆ. ನೆಲ ಒರೆಸುವವರು ಯಾರಾದರೂ ಹಿಂದೆ ನೋಡುತ್ತಾರೆಯೇ? ದೇವರಮನೆಯ ಮೂಲೆಯಿಂದ ಶುರುಮಾಡಿ, ಕುಕ್ಕರುಗಾಲಲ್ಲಿ ಹಿಂದೆ ಹಿಂದೆ ಸರಿಯುತ್ತ, ಒರೆಸಿದ ನೆಲವನ್ನೇ ನೋಡುತ್ತ, ಹೊಸ್ತಿಲು ದಾಟಿ, ಪಡಸಾಲೆ ದಾಟಿ, ಒಂದು ಬಾಗಿಲಿಗೂ ಬೆನ್ನು ತಾಗಿಸದೆ ಅಂಗಳಕ್ಕೆ ಬರುತ್ತೇವೆ. ಮುಂದಿನ ನೆಲ ನೆಟ್ಟಗೆ ಒರೆಸಿಕೊಂಡು ಬಂದರೆ ಬೆನ್ನು ತಾನೇ ನೆಟ್ಟಗೆ ಹೋಗುತ್ತದೆ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ರಿವರ್ಸಿನಲ್ಲಿ ಓಡಾಡಿದವಳಿಗೆ ಒಂದು ಗೇರು ಯಾವ ಲೆಕ್ಕ? ಹತ್ತುವಾಗ ಬಿದ್ದ ಆ ಎರಡು ಗೆರೆ ಬಾನೆಟ್ಟಿನ ಎರಡು ಮೂಲೆಯಿಂದಲೇ ಹೊರಡುವಂತೆ ನೋಡಿಕೊಂಡೆ. ಗೆರೆ ಎಡಕ್ಕೆ ಬಾಗಿದರೆ ಸ್ಟೇರಿಂಗು ಚೂರು ತಿರುವಿದೆ, ಬಲಕ್ಕೆ ಬಾಗಿದರೆ ಚೂರು ಮರಳಿಸಿದೆ. ಒಂದು ತಿರುವು ಬಂತು. ಅದು ನಮ್ಮ ಪಡಸಾಲೆಯ ಕಂಬದ ತಿರುವಿಗಿಂತ ಸುಲಭವಿತ್ತು. ಹಾಸುಬಂಡೆಯ ಅಗಲ ಜಾಗಕ್ಕೆ ಬಂದು ಗೈಡು ಸಾಕು ಎಂದು ಕೈ ಎತ್ತಿದಾಗ ನನಗೇ ಸಾಕಾಗಿರಲಿಲ್ಲ.

ಮಿಕ್ಕ ಮೂರು ಗಾಡಿ ನನ್ನ ಹಿಂದೆ ಬಂದವು, ಅಂದರೆ ನನ್ನನ್ನು ಹಿಂಬಾಲಿಸಿದವು. ಕಲ್ಲಿನ ಮೆಟ್ಟಿಲಲ್ಲಿ ಜಾರಿದ್ದ ಕಪ್ಪು ಕನ್ನಡಕದವರು ಅರ್ಧದಾರಿಯಲ್ಲಿ ಬಂಡೆಗೆ ಉಜ್ಜಿ ಬೆವರಿ ಇಳಿದುಬಿಟ್ಟರು. ಅವರ ಗಾಡಿಯನ್ನು ಗೈಡೇ ತೆಗೆಯಬೇಕಾಯಿತು. ನನಗೆ ಮರುಕವಾಯಿತು ಎಂದರೆ ಸುಳ್ಳು. ತಿರುಗಿ ನಮ್ಮವರನ್ನು ನೋಡಿದರೆ, ಅವರ ಮುಖ ಪೂರ್ತಿ ಹಿಂದಿನ ಗಾಜಿನ ಕಡೆಗಿತ್ತು. ತಿಂಗಳುಗಟ್ಟಲೆ ತಿರುಗದಿದ್ದ ಕುತ್ತಿಗೆ, ಗಾಡಿ ಕೊರಕಲಿಗೆ ಬೀಳುವ ಭಯದಲ್ಲಿ ತಾನಾಗಿ ತಿರುಗಿತ್ತು. ಅದು ಅವರಿಗೂ ಆಗಲೇ ಗೊತ್ತಾದದ್ದು.

ಟ್ರೇಲರ್ ನಮ್ಮ ಪಕ್ಕದಲ್ಲಿ ಹಾದು ಹೋಗುವಾಗ ಶಂಕ್ರಮ್ಮತ್ತೆ ನಿಲ್ಲಿಸಲು ಹೇಳಿ, ಬಗ್ಗಿ, ನನ್ನ ಕೈಗೆ ಪ್ರಸಾದದ ಕೊಬ್ಬರಿ ಇಟ್ಟರು.

"ಗಿರಿಜಾ, ಆ ಡ್ರೈವರಗ ಬರಬ್ಯಾಡಂತ ನಾನ ಹೇಳತೀನಿ ಬಿಡವಾ" ಎಂದರು. "ಅಂವಗ ಇಷ್ಟು ಬರೂದು ನಾ ಕಂಡಿಲ್ಲ."

ಸುದ್ದಿ ನಾವು ಆದೋನಿ ಸೇರುವ ಮೊದಲೇ ಎಲ್ಲ ಊರುಗಳನ್ನೂ ಮುಟ್ಟಿತ್ತು. ಬೀಗದಕೈ ಈಗ ನನ್ನ ಸೊಂಟದಲ್ಲೇ ಇರುತ್ತದೆ. ಓಣಿಯಲ್ಲಿ ನಾನು ಹಿಂದಕ್ಕೆ ಸರಿಯುವಾಗ ಯಾರೂ ಡಿಕ್ಕಿ ಬಡಿಯುವುದಿಲ್ಲ, ದೂರ ನಿಂತು ನೋಡುತ್ತಾರೆ. ನಮ್ಮವರು ಕುತ್ತಿಗೆ ಸರಿಹೋದರೂ ಮತ್ತೆ ಸ್ಟೇರಿಂಗು ಮುಟ್ಟಲಿಲ್ಲ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಪೇಪರು ಓದುತ್ತ ಹತ್ತಿಯ ರೇಟು ಮಾತಾಡುತ್ತಾರೆ. ಬೆಳಗ್ಗೆ ಹೊಲ, ಮಧ್ಯಾಹ್ನ ಮಿಲ್ಲು, ಸಂಜೆ ಯಾರದೋ ಆಸ್ಪತ್ರೆ, ನಡುವೆ ನೆಂಟರ ಮದುವೆಗಳಲ್ಲಿ ಊಟದ ಎಲೆಯಿಂದ ಎಬ್ಬಿಸಿ, ಗಾಡಿ ಸ್ವಲ್ಪ ಹಿಂದಕ್ಕೆ ತೆಗೆದುಕೊಡಿ ಎನ್ನುವವರು ಬೇರೆ. ಮೊನ್ನೆ ಶಂಕ್ರಮ್ಮತ್ತೆಯನ್ನು ನಂದವರದ ನೆಂಟರ ಮನೆಗೆ ಬಿಡಲು ಹೋದಾಗ ಮಾತಿಗೆ ಮಾತು ಬಂದು ಒಂದು ವಿಷಯ ತಿಳಿಯಿತು. ಆ ಡ್ರೈವರನಿಗೆ ಸಂಬಳವಲ್ಲದೆ ಎರಡು ಹೊತ್ತಿನ ಚಹಾ, ಹಬ್ಬಕ್ಕೆ ಬಟ್ಟೆ, ವಾರಕ್ಕೊಂದು ದಿನ ರಜೆ ಎಂದು ಮಾತಾಗಿತ್ತಂತೆ. ನನಗೂ ಅಷ್ಟನ್ನು ಕೊಡಿ ಎಂದು ಕೇಳೋಣವೆಂದುಕೊಂಡೆ. ಆದರೆ ಈ ಮನೆಯಲ್ಲಿ ಡ್ರೈವರ್ ಅನ್ನೋ ಮಾತನ್ನೇ ಎತ್ತಬಾರದು ಎಂದು ಷರತ್ತು ಹಾಕಿದವಳು ನಾನೇ.