ಹಡಗು ಹತ್ತದ ರಾಗಿ

ದೂರದ ಸಂಗತಿ ತಿಳಿದಷ್ಟು ಸುಲಭವಾಗಿ ಹತ್ತಿರದ್ದು ತಿಳಿಯುವುದಿಲ್ಲ. ಈ ವಾರ ಕೆನಡಾದ ಗೋಧಿ ಯಾವ ದೇಶಕ್ಕೆ ಹೋಯಿತು ಎಂದು ಕೇಳಿ, ಥಟ್ಟನೆ ಹೇಳಿಬಿಡುತ್ತೇನೆ. ನಮ್ಮ ಅಡಿಗೆಮನೆಯಲ್ಲಿ ಅಕ್ಕಿ ಎಷ್ಟಿದೆ ಎಂದರೆ ಮಾತ್ರ ಹೆಂಡತಿಯ ಮುಖ ನೋಡಬೇಕು. ಹುಣಸೂರಿನ ಶಾಲೆಯಲ್ಲಿ ಭೂಗೋಳ ಹೇಳಿಕೊಡುವವನಿಗೆ ಇದು ಸಹಜವೇ ಎಂದು ನನಗೆ ನಾನೇ ಮಾಫಿ ಕೊಟ್ಟುಕೊಂಡಿದ್ದೆ.

ಮೈಸೂರಿನ ಬಸ್ಸಿನಲ್ಲಿ ವಾರಪತ್ರಿಕೆ ಬಂದ ಸಂಜೆ ರಹೀಂ ಸಾಹೇಬರ ದಿನಸಿ ಅಂಗಡಿಯ ಜಗಲಿಯೇ ನನ್ನ ಪೀಠ. ಯಾವ ದೇಶದ ಧಾನ್ಯ ಯಾವ ರೇವಿಗೆ ಹೊರಟಿತು, ಧಾರಣೆ ಏರಿತೋ ಇಳಿಯಿತೋ, ಎಲ್ಲವನ್ನೂ ಓದುತ್ತಿದ್ದೆ. ಓದಿದ್ದಕ್ಕಿಂತ ಹೆಚ್ಚಾಗಿ ವಿವರಿಸುತ್ತಿದ್ದೆ. ಸಾಹೇಬರು ಟೀ ತರಿಸುತ್ತಿದ್ದರು. ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದ ಗೌಡರುಗಳು ತಲೆದೂಗುತ್ತಿದ್ದರು. ಶಾಲೆಯಲ್ಲಿ ಯಾರೂ ನನಗೆ ಹಾಗೆ ತಲೆದೂಗಿದ್ದಿಲ್ಲ.

ಹೀಗಿರುವಾಗ ಜಪಾನಿನವರ ಯುದ್ಧ ಬರ್ಮಾದವರೆಗೂ ಬಂತು. ರಂಗೂನಿನ ಅಕ್ಕಿಯ ಹಡಗುಗಳು ನಿಂತವೆಂದು ಪತ್ರಿಕೆ ಬರೆಯಿತು. ನಾನು ಜಗಲಿಯ ಮೇಲೆ ಎದ್ದೇ ನಿಂತೆ. "ಇನ್ನು ಅಕ್ಕಿಗೆ ಪರದಾಡಬೇಕಾಗುತ್ತೆ, ಬೇಕಾದವರು ಈಗಲೇ ಕೊಂಡಿಟ್ಟುಕೊಳ್ಳಿ" ಎಂದು ಸಾರಿದೆ. ಜನ ನಂಬಿದರು. ಮಾತು ಮುಗಿಸಿದ ತೃಪ್ತಿಯಲ್ಲಿ ಕೈಬೀಸಿಕೊಂಡು ಮನೆಗೆ ಬಂದೆ.

ಆ ವಾರವೇ ಹೆಂಡತಿ, "ನಾಳೆಗೆ ಅಕ್ಕಿಯಿಲ್ಲ" ಎಂದಳು. ಅಂಗಡಿಗೆ ಓಡಿದರೆ ಚೀಲಗಳೆಲ್ಲ ಖಾಲಿ.

"ಅರೆ ಮೇಷ್ಟ್ರೇ, ನಿಮ್ಮ ಮಾತು ಕೇಳೇ ಎಲ್ಲಾ ತಗೊಂಡೋದ್ರಲ್ಲ! ನೀವು ಮೊದ್ಲೇ ತುಂಬ್ಸಿಟ್ಟಿರ್ತೀರಿ ಅಂದ್ಕೊಂಡೆ" ಎಂದರು ಸಾಹೇಬರು. ಆಮೇಲೆ ಒಳಗೆ ಹೋಗಿ, ತಮ್ಮ ಮನೆಗೆ ಇಟ್ಟುಕೊಂಡಿದ್ದರಲ್ಲೇ ಒಂದಿಷ್ಟು ಅಳೆದು ತಂದರು. "ಮಕ್ಕಳಿರೋ ಮನೆ, ತಗೊಂಡೋಗಿ." ಅದನ್ನು ತಂದು ಕೊಟ್ಟಾಗ ಹೆಂಡತಿ ಅಂದದ್ದು ಇಷ್ಟೇ: "ಊರಿಗೆ ಉಪಕಾರಿ, ಮನೆಗೆ ಮಾರಿ."

ಆ ಅಕ್ಕಿಯೂ ಮುಗಿಯುತ್ತ ಬಂದಾಗ, ಜಗಲಿಯಲ್ಲಿ ತಲೆದೂಗುತ್ತಿದ್ದವರಲ್ಲಿ ಒಬ್ಬರಾದ ಪುಟ್ಟೇಗೌಡರ ಗಾಡಿ ನಮ್ಮ ಬಾಗಿಲಿಗೆ ಬಂತು. ಸಾಹೇಬರಿಂದ ಸಂಗತಿ ತಿಳಿಯಿತಂತೆ. ಒಂದು ಚೀಲ ರಾಗಿ, ಅಂದಿನ ಊಟಕ್ಕೆಂದು ಬೀಸಿದ ಒಂದಿಷ್ಟು ಹಿಟ್ಟು ಇಳಿಸಿ, "ನೀವ್ ಯೋಳಿದ್ಕೇ ಮಗಳ ಮದ್ವೆ ಅಕ್ಕಿ ತಕ್ಕಂಡೆ ಕಣ್ರೀ. ಇಲ್ದಿದ್ರೆ ಬೀಗರ ಮುಂದೆ ಮಾನ ಓಗ್ಬುಡ್ತಿತ್ತು" ಎಂದರು. ನಾನು ಆಡಿದ್ದು ಬರೀ ಮಾತು. ಅವರು ಇಳಿಸಿದ್ದು ತಿಂಗಳುಗಟ್ಟಲೆ ಊಟ.

ಅನ್ನವುಂಡು ಬೆಳೆದ ನಮಗೆ ಮುದ್ದೆ ಹೊಸದು. ಹೆಂಡತಿ ತೊಳಸಿದ ಮೊದಲ ಮುದ್ದೆಯಲ್ಲಿ ಹಿಟ್ಟಿಗಿಂತ ಗಂಟೇ ಹೆಚ್ಚು. ಮಕ್ಕಳು ಗುಳುಂ ಎಂದು ನುಂಗಿದರು. ನಾನು ಎತ್ತಿನ ಹಾಗೆ ಮೆಲುಕು ಹಾಕುತ್ತ ಕೂತೆ. "ಅಗೀಬ್ಯಾಡಿ ಮೇಷ್ಟ್ರೇ, ನುಂಗಿ ನುಂಗಿ!" ಎಂದು, ಊಟಕ್ಕೆ ನಿಂತಿದ್ದ ಗೌಡರು ನಡುಮನೆಯಿಂದ ಕೂಗಿದರು. ನುಂಗಿದೆ. ಹೊಟ್ಟೆ ತುಂಬಿತು, ಬಹಳ ದಿನಗಳ ಮೇಲೆ ಭಯವಿಲ್ಲದೆ ತುಂಬಿತು.

ಹೊರಡುವಾಗ ಗೌಡರು ಕೇಳಿದರು: "ಅದಿರ್ಲಿ, ನಿಮ್ ಪೇಪರ್ನಲ್ಲಿ ರಾಗಿ ಇಸ್ಯ ಏನಾರ ಬರ್ದವ್ರಾ?"

"ಇಲ್ಲ ಗೌಡರೇ. ಅದನ್ನು ಹಡಗಿನವರು ಕೇಳೋದೇ ಇಲ್ಲ."

"ಕೇಳ್ದೇ ಇರೋದೇ ವಾಸಿ ಬುಡಿ. ಅವ್ರು ಕೇಳಿದ್ರೆ ನಿಮ್ಮನೆಗೆ ಬತ್ತಿತ್ತಾ?"

ಲೋಕದ ವ್ಯಾಪಾರವನ್ನು ಗೌಡರಷ್ಟು ಚೆನ್ನಾಗಿ ನಾನು ಯಾವತ್ತೂ ವಿವರಿಸಿರಲಿಲ್ಲ. ಈಗಲೂ ಪತ್ರಿಕೆ ಬಂದೊಡನೆ ಧಾನ್ಯದ ಧಾರಣೆಗಳ ಮೇಲೆ ಕಣ್ಣಾಡಿಸುತ್ತೇನೆ. ರಾಗಿಯ ಹೆಸರು ಎಲ್ಲಿಯೂ ಇಲ್ಲವೆಂದು ಖಾತ್ರಿಯಾದ ಮೇಲೆ, ಅದರ ರುಚಿ ತಿಳಿಯದ ಸಮುದ್ರದಾಚೆಯ ಸಾಹುಕಾರರಿಗೆಲ್ಲ ಮನಸ್ಸಿನಲ್ಲೇ ಕೈಮುಗಿದು, ಊಟಕ್ಕೆ ಏಳುತ್ತೇನೆ.