ಸಿಸ್ಟರಮ್ಮ ಮಲ್ಗವ್ರೆ

ವಾಂತಿಭೇದಿ ಊರಿಗೆ ಕಾಲಿಟ್ಟಾಗಲೆಲ್ಲ ದಾದಿಯರ ನಿದ್ದೆ ಊರು ಬಿಡುತ್ತದೆ. ನಿದ್ದೆಗೆಟ್ಟವರಿದ್ದಲ್ಲಿ ನಗೆಪಾಟಲಿಗೆ ಬರವಿಲ್ಲ. ಇಲ್ಲಿ ಹೇಳುವುದೆಲ್ಲ ನನ್ನ ಹಿರಿಯ ಸಹೋದ್ಯೋಗಿ ದಾದಿಯೊಬ್ಬರ ಪ್ರಸಂಗಗಳು. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ರಾಮಾಪುರದ ಶಾಲೆಯೇ ನಮ್ಮ ವಾರ್ಡಾಗಿತ್ತು. ಬದಲಿ ದಾದಿಯರು ಬರಲೇ ಇಲ್ಲ. ನನ್ನ ಆ ಸಹೋದ್ಯೋಗಿಗೆ ಬೇಕಾಗಿದ್ದುದು ಒಂದು ತುಂಬು ನಿದ್ದೆ, ಅಷ್ಟೇ. ಅಂದು ನಕ್ಕಿದ್ದೆವು. ಇಂದು ನೆನೆದರೆ ನಗುವಿಗಿಂತ ವಿಷಾದವೇ ಹೆಚ್ಚು.

ಕಾವಲು

ಒಂದು ಮಧ್ಯಾಹ್ನ ಅವರು ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಚಾಪೆ ಹಾಸಿ ಒರಗಿದರು. ಚೇತರಿಸಿಕೊಳ್ಳುತ್ತಿದ್ದ ಮುದುಕಿಯೊಬ್ಬಳು ತಾನಾಗಿಯೇ ಬಾಗಿಲಿಗೆ ಕಾವಲು ಕುಳಿತಳು. ಅಂಗಳದಲ್ಲಿ ಹೆಜ್ಜೆ ಸದ್ದಾದರೆ ಸಾಕು, ಆಕೆಯ ಗಂಟಲು ಊರಿಗೇ ಕೇಳುತ್ತಿತ್ತು:

"ಲೇ, ಮೆತ್ತುಗ್ ನಡೀರ್ಲಾ! ಸಿಸ್ಟರಮ್ಮ ಮಲ್ಗವ್ರೆ!"

ಐದಾರು ಸಲ ಕೇಳಿದ ಮೇಲೆ ಅವರು ಎದ್ದು ಹೊರಬಂದರು. ಮುದುಕಿ ಹಣೆ ಚಚ್ಚಿಕೊಂಡಳು.

"ನೋಡುದ್ರಾ, ಎಬ್ಬುಸ್ಬುಟ್ರಲ್ಲಾ ಪಾಪಿಗಳಾ!"

ಬಸ್ಸು

ಕೊನೆಗೂ ಒಂದು ದಿನದ ರಜೆ ದೊರೆಯಿತು. ಅವರ ಮನೆ ಹನೂರಿನಲ್ಲಿ. ಬಸ್ಸು ಹತ್ತಿ ಕಿಟಕಿಗೆ ತಲೆಯಾನಿಸಿದ್ದೇ ನಿದ್ದೆಹೋದರು. ಬಸ್ಸು ಹನೂರು ದಾಟಿ ಕೊಳ್ಳೇಗಾಲ ಮುಟ್ಟಿ, ಹಿಂದಿರುಗಿ, ಮತ್ತೆ ಹನೂರು ದಾಟಿ ರಾಮಾಪುರದಲ್ಲಿ ನಿಂತಾಗಲೇ ಎಚ್ಚರ. ಕಂಡಕ್ಟರು ಆ ಮುದುಕಿಯ ಮಗ.

"ಎಬ್ಬಿಸಬಾರದಿತ್ತೇನಪ್ಪ?"

"ಎಂಗ್ ಎಬ್ಬುಸ್ಲಿ ಸಿಸ್ಟರಮ್ಮ? ನಮ್ಮವ್ವುನ್ ಜೀವ ಉಳುಸ್ದೋರು ನೀವು. ಇಳಿಯೋರ್ಗೂ ಸದ್ದು ಮಾಡ್ಬೇಡಿ ಅಂದಿವ್ನಿ!"

ಶಾಲೆಯ ಬಾಗಿಲಲ್ಲಿದ್ದ ಡಾಕ್ಟರು ಅವರನ್ನು ಕಂಡು ಮೆಚ್ಚಿ ನುಡಿದರು: "ರಜೆ ಮುಗಿಯುವ ಮೊದಲೇ ಬಂದಿರಾ! ಕರ್ತವ್ಯನಿಷ್ಠೆ ಎಂದರೆ ಇದು."

ಅವರು ಏಪ್ರನ್ ಕಟ್ಟಿಕೊಂಡರು.

ಸರದಿ

ಕಾಯಿಲೆ ತೊಲಗಿತು, ಅವರ ನಿದ್ದೆ ಹಿಂದಿರುಗಲಿಲ್ಲ. ಶಾಲೆಯಲ್ಲಿ ರೋಗಿಗಳು ನರಳುತ್ತಿದ್ದರೆ ಜೀವವಿದೆಯೆಂಬ ಸಮಾಧಾನ; ಸದ್ದಡಗಿದರೆ ಎದ್ದು ಓಡಬೇಕಿತ್ತು. ಈಗ ಮನೆಯ ಮೌನವೇ ಅವರನ್ನು ಬೆಚ್ಚಿ ಎಬ್ಬಿಸುತ್ತಿತ್ತು. ನಿದ್ದೆಗೆಟ್ಟ ಕಣ್ಣಿಗೆ ಗುರಿ ತಪ್ಪೀತೆಂದು ಸೂಜಿ ಹಿಡಿಯಲು ಹೆದರಿದರು. ಕೆಲಸ ಬಿಡಬೇಕಾದೀತೆಂಬ ಭಯ ಹುಟ್ಟಿದಾಗ ನಾನೇ ಕೊಳ್ಳೇಗಾಲದ ವೈದ್ಯರೊಬ್ಬರ ಬಳಿ ಕರೆದೊಯ್ದೆ.

ಅಲ್ಲಿ ಕೆಮ್ಮು, ಮಕ್ಕಳ ಅಳು, ನರಳಾಟ. ಬೆಂಚಿನ ಮೇಲೆ ಕುಳಿತದ್ದೇ ತಡ, ಅವರು ಗೊರಕೆ ಹೊಡೆಯತೊಡಗಿದರು. ಪಕ್ಕದಲ್ಲಿ ನೋಡಿದರೆ ಅದೇ ಮುದುಕಿ, ಕೆಮ್ಮಿನ ಔಷಧಿಗೆಂದು ಬಂದವಳು. ಆಕೆಗೆ ಎಲ್ಲವನ್ನೂ ತಿಳಿಸಿದೆ. ಸರದಿ ಬಂದಾಗ ಇವರನ್ನು ಅಲುಗಿಸಿ ಎಬ್ಬಿಸಬೇಕಾಯಿತು.

"ಏನು ತೊಂದರೆ?" ಎಂದರು ವೈದ್ಯರು.

"ನಿದ್ದೆ ಬರುವುದಿಲ್ಲ ಡಾಕ್ಟರೇ."

ಪರದೆಯಾಚೆಯ ಬೆಂಚುಗಳೆಲ್ಲ ಘೊಳ್ಳೆಂದವು. ವೈದ್ಯರು ಪೆನ್ನು ಕೆಳಗಿಟ್ಟರು. "ನಿಮ್ಮ ಗೊರಕೆ ಇಲ್ಲಿಗೂ ಕೇಳಿಸುತ್ತಿತ್ತಲ್ಲ ತಾಯಿ! ಮನೆಗೆ ಹೋಗಿ ಹಾಯಾಗಿ ಮಲಗಿ."

ಅವರ ಕಣ್ಣು ತುಂಬಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಮುದುಕಿ ಎದ್ದು ಬಂದು ಕೈಮುಗಿದಳು.

"ಮನೆಗ್ ಓಗಿ ಅನ್ಬ್ಯಾಡಿ ಸಾ. ಅಲ್ಲಿ ಸದ್ದೇ ಇಲ್ಲ, ನಿದ್ದೆ ಬರಕಿಲ್ಲ. ಇಲ್ಲೇ ಮಲ್ಗುಸ್ಕಳಿ. ನಾವೆಲ್ಲಾ ಸರದಿ ಮ್ಯಾಲೆ ನರುಳ್ತೀವಿ!"