ಎರ್ಲಿಂಡಾ ಬಾಕಾಳ ಎರಡು ಮತದ ಅಕ್ರಮ

ನಮ್ಮ ರಾಜ್ಯದಲ್ಲಿ ಚುನಾವಣೆಗೆ ನಿಂತ ಇಬ್ಬರಿಗೂ ಸಮಸಮ ಮತ ಬಿದ್ದರೆ ಇಸ್ಪೀಟಿನ ಎಲೆ ಎಳೆದು ತೀರ್ಮಾನಿಸತಕ್ಕದ್ದು ಎಂದು ಕಾನೂನಿದೆ. ದೊಡ್ಡ ಎಲೆ ಎಳೆದವರು ಗೆದ್ದ ಹಾಗೆ. ಇದು ಯಾವುದೋ ಸಾರಾಯಿ ಅಂಗಡಿಯ ಹಿತ್ತಲಲ್ಲಿ ಹುಟ್ಟಿದ ಮಾತಲ್ಲ. ಶಾಸನಸಭೆಯಲ್ಲಿ ದೊಡ್ಡವರು ನೆಟ್ಟಗೆ ಕೂತು, ಕೈಯೆತ್ತಿ ಮಾಡಿದ ಕಾನೂನು. ಎರ್ಲಿಂಡಾ ಬಾಕಾ ಎಂಬ ಹೆಣ್ಣುಮಗಳು ಜಿಲ್ಲಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು ರಾಜ್ಯದ ಚುನಾವಣಾ ಕಾರ್ಯದರ್ಶಿಯಾಗಿ, ರಾಜಧಾನಿಯಲ್ಲಿ ತಿರುಗುವ ಕುರ್ಚಿ ಹಿಡಿದದ್ದು ಈ ಕಾನೂನಿನ ಕೃಪೆಯಿಂದಲೇ.

ಆದದ್ದು ಹೀಗೆ. ಆಗ್ವಾ ಪೋಕಾ ಎಂಬ ಊರಲ್ಲಿ ಕಾಲುವೆ ಯಜಮಾನಿಕೆಗೆ ಚುನಾವಣೆ ಬಂತು. ಯಾರ ಹೊಲಕ್ಕೆ ಯಾವತ್ತು ನೀರು ಬಿಡಬೇಕು ಅಂತ ಹೇಳುವವನೇ ಈ ಯಜಮಾನ. ಅಲ್ಲಿಯವರ ಲೆಕ್ಕದಲ್ಲಿ ರಾಜ್ಯಪಾಲರಿಗಿಂತ ಒಂದು ಕೈ ಮೇಲು. ನಿಂತವರು ಪ್ರೊಕೊಪಿಯೊ ಮತ್ತು ಅಬೆಲಿನೊ, ಅಣ್ಣತಮ್ಮಂದಿರ ಮಕ್ಕಳು. ಹಿಂದಿನ ಸಲ ಇಂಥದೇ ಚುನಾವಣೆಯಾಗಿ ಹನ್ನೊಂದು ವರ್ಷ ಅವರಿಬ್ಬರಿಗೆ ಮಾತಿರಲಿಲ್ಲ. ಮತದಾರರು ನಲವತ್ತು ಮಂದಿ, ಎಲ್ಲರೂ ಇಬ್ಬರಿಗೂ ನೆಂಟರೇ. ಒಬ್ಬನಿಗೆ ಹಾಕಿದರೆ ಇನ್ನೊಬ್ಬನ ಮನೆಯ ಮದುವೆಗೆ ಕರೆಯಿಲ್ಲ. ಹೀಗಾಗಿ ಪ್ರತಿ ಮನೆಯಲ್ಲೂ ಗಂಡ ಒಬ್ಬನಿಗೆ, ಹೆಂಡತಿ ಇನ್ನೊಬ್ಬನಿಗೆ ಹಾಕಿ ಬಂದರು. ಇಪ್ಪತ್ತಕ್ಕೆ ಇಪ್ಪತ್ತು.

ಎರ್ಲಿಂಡಾ ಇಸ್ಪೀಟಿನ ಕಟ್ಟು ಹಿಡಿದು ಹೋದಳು. ಚರ್ಚಿನ ಪಕ್ಕದ ಸಭಾಂಗಣದಲ್ಲಿ ಹೆಂಗಸರು ಆಗಲೇ ಹಸಿಮೆಣಸಿನಕಾಯಿ ಹಾಕಿದ ಹಂದಿಮಾಂಸದ ಸಾರು ಕುದಿಯಲು ಇಟ್ಟಿದ್ದರು. ಪ್ರೊಕೊಪಿಯೊ ಒಂಬತ್ತು ಎಳೆದ. ಅಬೆಲಿನೊ ಗುಲಾಮನನ್ನು ಎಳೆದ.

"ಸೋತುಬಿಟ್ನಲ್ಲೋ" ಅಂದ ಪ್ರೊಕೊಪಿಯೊ.

"ನೀನೆಲ್ಲಿ ಸೋತೆ ಮಾರಾಯ, ನಿನ್ನ ಒಂಬತ್ತು ಸೋತಿತು. ಬಾ, ಸಾರು ಆರಿಹೋಗತ್ತೆ."

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸೋತವನು ಗೆದ್ದವನ ಪಕ್ಕದಲ್ಲೇ ಕೂತು ಉಂಡದ್ದನ್ನು ಎರ್ಲಿಂಡಾ ಕಂಡಿರಲಿಲ್ಲ. ವರದಿ ಬರೆದಳು: "ಮತದಾನ ಶೇಕಡಾ ನೂರು. ದೂರು ಶೂನ್ಯ. ಮರುಎಣಿಕೆ ಶೂನ್ಯ. ಸಾರು ತೃಪ್ತಿಕರ."

ರಾಜಧಾನಿಯವರಿಗೆ ಶೂನ್ಯ ಅಂದರೆ ಪ್ರಾಣ. ಬಡ್ತಿ ಕೊಟ್ಟರು. ಪಕ್ಕದ ಊರುಗಳೂ ಮನೆಮನೆಯಲ್ಲಿ ಅರ್ಧರ್ಧ ಹಂಚಿಕೊಂಡವು, ಆಮೇಲೆ ಪಕ್ಕದ ಜಿಲ್ಲೆಗಳು. ಕಡೆಗೆ ಎರ್ಲಿಂಡಾಳೇ ಕಾರ್ಯದರ್ಶಿ ಹುದ್ದೆಗೆ ನಿಂತಳು, ರಾಜ್ಯಪೂರ್ತಿ ಸಮ ಬಂತು, ಇಸ್ಪೇಟ್ ರಾಜ ಎಳೆದು ಗೆದ್ದಳು. ಕುರ್ಚಿ ಏರಿದ ತಿಂಗಳಲ್ಲೇ ಸುತ್ತೋಲೆ ಹೊರಟಿತು:

"ಒಂದು: ಪ್ರತಿ ಮನೆಯೂ ತನ್ನ ಮತಗಳನ್ನು ಸಮಭಾಗ ಮಾಡತಕ್ಕದ್ದು. ಎರಡು: ಬೆಸ ಸಂಖ್ಯೆಯ ಮನೆಯವರು ನೆರೆಮನೆಯಿಂದ ಒಬ್ಬರನ್ನು ಎರವಲು ಪಡೆಯತಕ್ಕದ್ದು. ಮೂರು: ಒಬ್ಬರಿಗೆ ಜ್ವರ ಬಂದಲ್ಲಿ ಅವರ ಜೋಡಿಯೂ ಮನೆಯಲ್ಲೇ ಮಲಗತಕ್ಕದ್ದು. ನಾಲ್ಕು: ಮತದಾನವು ಗುಪ್ತವಾಗಿರುವುದರಿಂದ, ಯಾರು ಯಾರಿಗೆ ಹಾಕಬೇಕೆಂಬ ಪಟ್ಟಿಯನ್ನು ಚರ್ಚಿನ ಬಾಗಿಲಿಗೆ ಅಂಟಿಸಲಾಗುವುದು."

ಒಂಟಿ ಮತದಾರರು ಜೋಡಿ ಹುಡುಕುತ್ತಾ ಹೋಗಿ, ಎರಡನೆಯ ನಿಯಮದಿಂದಲೇ ಆರು ಮದುವೆಗಳಾದವು. ಜನಕ್ಕೆ ಇನ್ನೇನು ಬೇಕು.

ನಾಲ್ಕು ವರ್ಷ ಕಳೆದು ಎರ್ಲಿಂಡಾ ಮತ್ತೆ ನಿಲ್ಲುವ ಕಾಲ ಬಂತು. ಎದುರಿಗೆ ಟ್ರಕ್ಕಿನ ಟೈರು ಮಾರುವ ವಿಲಿಬಾಲ್ಡೊ, ತೀರಿಹೋದ ಅವಳ ಗಂಡನಿಗೆ ದೂರದ ತಮ್ಮನಾಗಬೇಕು. ಎರ್ಲಿಂಡಾಳಿಗೆ ನಿದ್ದೆ ಹತ್ತಲಿಲ್ಲ. ಎಲೆಗೆ ಕಣ್ಣಿಲ್ಲ, ಕರುಣೆಯಿಲ್ಲ. ಒಂದು ಕಳಾವರ್ ಮೂರು ಬಂದರೆ ಕುರ್ಚಿ ಹೋಯಿತು, ಜಿಲ್ಲಾ ಕಚೇರಿಯ ಮುಕ್ಕಾಲಿಯೇ ಗತಿ. ಅದಕ್ಕಿಂತ ಹೆಚ್ಚಾಗಿ, ಚರ್ಚಿಗೆ ಬಂದವರಿಗೆಲ್ಲ "ನನ್ನ ಮಗಳ ಕುರ್ಚಿ ಪೂರ್ತಿ ತಿರುಗತ್ತೆ" ಎಂದು ಹೇಳಿಕೊಂಡು ಬರುವ ತಾಯಿ ಟ್ರಾನ್ಸಿಟೊಳ ಮುಖ ನೋಡುವುದು ಹೇಗೆ?

ಚರ್ಚಿನ ಬಾಗಿಲ ಪಟ್ಟಿಯಲ್ಲಿ ತಾಯಿ ಮಗಳ ಹೆಸರುಗಳೂ ಇದ್ದವು. ತಾಯಿಯ ಮತ ಎರ್ಲಿಂಡಾಳಿಗೆ. ಎರ್ಲಿಂಡಾಳ ಮತ ವಿಲಿಬಾಲ್ಡೊನಿಗೆ.

"ಅದಲುಬದಲು ಮಾಡ್ಕೊಳ್ಳೋಣವೇನಮ್ಮ?" ಎಂದಳು ಎರ್ಲಿಂಡಾ.

"ಹೆತ್ತವಳು ಮಗಳ ವಿರುದ್ಧ ಹಾಕ್ಬೇಕಾ? ನೀನೇ ಹಾಕ್ಕೋ ನಿನ್ನ ವಿರುದ್ಧ. ಸುತ್ತೋಲೆ ಬರೆದೋಳು ನೀನು ತಾನೆ."

ಮತಗಟ್ಟೆಯ ಪರದೆಯ ಹಿಂದೆ ಎರ್ಲಿಂಡಾ ಒಬ್ಬಳೇ ನಿಂತಳು. ಚೀಟಿಯ ಮೇಲೆ ಎರಡು ಹೆಸರು, ಎರಡು ಖಾಲಿ ಸುತ್ತು. ಪೆನ್ನು ವಿಲಿಬಾಲ್ಡೊನ ಹೆಸರಿನ ತನಕ ಹೋಯಿತು. ಅಲ್ಲಿಂದ ತಾನಾಗಿಯೇ ಎದ್ದು, ಮೇಲೆ ಅವಳದೇ ಹೆಸರಿನ ಸುತ್ತಿನಲ್ಲಿ ಬಂದು ಕೂತುಬಿಟ್ಟಿತು.

ಎಣಿಕೆಯಾಯಿತು. ಎರ್ಲಿಂಡಾ ಎರಡು ಮತದಿಂದ ಗೆದ್ದಿದ್ದಳು: ಅಲ್ಲಿ ಒಂದು ಕಮ್ಮಿ, ಇಲ್ಲಿ ಒಂದು ಹೆಚ್ಚು.

ರಾಜ್ಯವೇ ತಲ್ಲಣಿಸಿತು. ಪತ್ರಿಕೆಗಳು ಬರೆದವು: "ಮತದಾರರೊಬ್ಬರು ತಮ್ಮ ಮನಸ್ಸಿಗೆ ಬಂದಂತೆ ಮತ ಹಾಕಿರುವುದು ಮೇಲ್ನೋಟಕ್ಕೆ ಕಂಡುಬಂದಿದೆ." ಊರೂರಿನ ಸಭಾಂಗಣಗಳಲ್ಲಿ ಎಲೆ ಎಳೆದ ಸುದ್ದಿಗೆ ಕಾದು ಕೂತವರು ಸಾರಿನ ಪಾತ್ರೆಗಳನ್ನು ಮುಚ್ಚಿ ಮನೆಗೆ ಹೊತ್ತುಕೊಂಡು ಹೋದರು. ಆಗ್ವಾ ಪೋಕಾದಲ್ಲಂತೂ ಒಲೆಯೇ ಹತ್ತಲಿಲ್ಲ.

"ನಿನ್ನ ಹೆಂಡ್ತಿದೇ ಕೆಲಸ ಇದು" ಅಂದ ಪ್ರೊಕೊಪಿಯೊ. "ಮೊದಲಿಂದ್ಲೂ ಅವಳಿಗೆ ಸ್ವಂತ ಬುದ್ಧಿ ಜಾಸ್ತಿ."

"ನನ್ನ ಹೆಂಡ್ತಿಗೆ ಸ್ವಂತ ಬುದ್ಧಿ ಅಂತೀಯಾ? ನಾಳೆಯಿಂದ ನಿನ್ನ ಹೊಲಕ್ಕೆ ನೀರಿಲ್ಲ" ಅಂದ ಅಬೆಲಿನೊ.

ಸುದ್ದಿ ರಾಜಧಾನಿಗೆ ಮುಟ್ಟಿತು. ಎರ್ಲಿಂಡಾ ಕುರ್ಚಿಯಲ್ಲಿ ಕೂತಿದ್ದಳು, ತಿರುಗಲು ಮನಸ್ಸಾಗಲಿಲ್ಲ. ಮನೆಗೆ ಬಂದರೆ ತಾಯಿ ಎದುರಿಗೆ ತಟ್ಟೆಯಿಟ್ಟು ರೊಟ್ಟಿ ಹಾಕದೆ ಕೂತಳು.

"ನೀನೇ ತಾನೆ?"

"ಹ್ಞೂಂ."

"ಚರ್ಚಿನಲ್ಲಿ ಹಿಂದಿನ ಬೆಂಚಲ್ಲಿ ಕೂತು ಬಂದೆ ಇವತ್ತು. ಮತ ತಗೊಂಡು ಗೆದ್ದೋಳ ತಾಯಿ ಅಂತ ಎಲ್ಲರೂ ತಿರುಗಿ ತಿರುಗಿ ನೋಡಿದ್ರು ಕಣೆ."

ಮಾರನೆಯ ದಿನ ವಿಚಾರಣಾ ಸಮಿತಿ ಕೂತಿತು. ಚುನಾವಣಾ ಅಕ್ರಮಗಳ ವಿಚಾರಣೆಗೆ ಕಾರ್ಯದರ್ಶಿಯೇ ಅಧ್ಯಕ್ಷೆ ಎಂಬ ನಿಯಮ ಇದ್ದುದರಿಂದ ಎರ್ಲಿಂಡಾ ಅಧ್ಯಕ್ಷತೆ ವಹಿಸಿದಳು. ಸಾಕ್ಷಿ ಅವಳೊಬ್ಬಳೇ. ಪ್ರಶ್ನೆಗೆ ಆ ಕಡೆಯ ಕುರ್ಚಿ, ಉತ್ತರಕ್ಕೆ ಈ ಕಡೆಯ ಕುರ್ಚಿ. ಗುಮಾಸ್ತ ಬರೆದುಕೊಂಡ ನಡಾವಳಿ ಹೀಗಿದೆ:

"ಅಧ್ಯಕ್ಷೆ: ನಿಮ್ಮ ಹೆಸರು?

ಸಾಕ್ಷಿ: ತಮಗೇ ಗೊತ್ತಿದೆ.

ಅಧ್ಯಕ್ಷೆ: ದಾಖಲೆಗೆ ಬೇಕು.

ಸಾಕ್ಷಿ: ಎರ್ಲಿಂಡಾ ಬಾಕಾ.

ಅಧ್ಯಕ್ಷೆ: ಯಾಕೆ ಹೀಗೆ ಮಾಡಿದಿರಿ?

ಸಾಕ್ಷಿ: ನಾನೇ ಗೆಲ್ಲಲಿ ಅನ್ನಿಸಿತು.

ಅಧ್ಯಕ್ಷೆ: ಅನ್ನಿಸಿದ್ದನ್ನೆಲ್ಲ ಮತಪೆಟ್ಟಿಗೆಗೆ ಹಾಕುವ ಪದ್ಧತಿ ಎಲ್ಲಾದರೂ ಉಂಟೆ?

ಸಾಕ್ಷಿ: ಹಿಂದೆ ಇತ್ತಂತೆ.

ಅಧ್ಯಕ್ಷೆ: ಕ್ಷಮೆ ಕೇಳುತ್ತೀರಾ?

ಸಾಕ್ಷಿ: ಕೇಳುತ್ತೇನೆ.

ಅಧ್ಯಕ್ಷೆ: ಕೊಟ್ಟಿದೆ."

ಸದರಿ ಮತವನ್ನು ಎತ್ತಿ, ಅದು ಸೇರಬೇಕಾದ ಕಡೆಗೆ ಸೇರಿಸಲಾಯಿತು. ಲೆಕ್ಕ ಸಮವಾಯಿತು. ರಾಜಧಾನಿಯ ದೊಡ್ಡ ಸಭಾಂಗಣದಲ್ಲಿ ಜನ ಕಿಕ್ಕಿರಿದು ನಿಂತರು. ಎಲೆ ಕಲಸುವವಳೂ ಎರ್ಲಿಂಡಾಳೇ, ಅದೂ ನಿಯಮವೇ. ಎರಡು ಸಲ ಎಲೆಗಳು ಜಾರಿ ನೆಲಕ್ಕೆ ಚೆಲ್ಲಿದವು.

"ನಿಧಾನ, ಅತ್ತಿಗೆ" ಎಂದ ವಿಲಿಬಾಲ್ಡೊ, ಎಲೆಗಳನ್ನು ಆರಿಸಿಕೊಡುತ್ತಾ. "ನನಗೂ ಟೈರು ಅಂಗಡಿ ಬಿಟ್ಟು ಬರೋಕೆ ಅಂಥ ಆತುರವೇನಿಲ್ಲ."

ಅವನು ಎಂಟು ಎಳೆದ. ಎರ್ಲಿಂಡಾ ಕಣ್ಣು ಮುಚ್ಚಿ ಎಳೆದಳು. ಜನ ಹೋ ಎಂದದ್ದು ಕೇಳಿದ ಮೇಲೆ ಕಣ್ಣು ಬಿಟ್ಟಳು. ಆಟೀನ್ ರಾಣಿ.

ಅದೇ ಹೆಂಗಸು, ಅದೇ ಹುದ್ದೆ, ಅದೇ ಕುರ್ಚಿ. ಆದರೆ ಈ ಸಲ ನ್ಯಾಯವಾಗಿ ಗೆದ್ದಳು ಎಂದು ಊರೆಲ್ಲ ಮಾತಾಡಿಕೊಂಡಿತು. ಅಬೆಲಿನೊ ಕಾಲುವೆಯ ಹಲಗೆ ಎತ್ತಿ ಪ್ರೊಕೊಪಿಯೊನ ಹೊಲಕ್ಕೆ ನೀರು ಬಿಟ್ಟ. ತಾಯಿ ಮುಂದಿನ ಭಾನುವಾರ ಮುಂದಿನ ಬೆಂಚಿನಲ್ಲೇ ಕೂತಳು. ಎರ್ಲಿಂಡಾಳಿಗೂ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಅವತ್ತೇ ಐದನೆಯ ನಿಯಮಕ್ಕೆ ಸಹಿ ಹಾಕಿದಳು:

"ಸ್ವಂತ ಅಭಿಪ್ರಾಯ ಉಳ್ಳ ಮತದಾರರು ಮೂವತ್ತು ದಿನ ಮುಂಚಿತವಾಗಿ ಕಚೇರಿಗೆ ಬರೆದು ತಿಳಿಸತಕ್ಕದ್ದು. ಅಂಥವರಿಗೆ ವಿರುದ್ಧ ಅಭಿಪ್ರಾಯದ ಜೋಡಿಯೊಬ್ಬರನ್ನು ಸರ್ಕಾರವೇ ಹುಡುಕಿಕೊಡುವುದು."

ನಿಯಮ ಬಂದು ಏಳು ವರ್ಷವಾಯಿತು. ಇಲ್ಲಿಯವರೆಗೆ ಯಾರೂ ಬರೆದಿಲ್ಲ.